ಒಬ್ಬ ಸಪ್ಲೈಯರ್, ಹತ್ತು ಸಾವಿರ ಟೇಬಲ್

ಜಿನೀವಾ ಪಕ್ಕದ ಸರ್ನ್ ಪ್ರಯೋಗಶಾಲೆಯಲ್ಲಿ 1990ರ ಕೊನೆಗೆ ಒಂದು ಕಪ್ಪು ಚೌಕ ಡಬ್ಬಿಯಂಥ ಕಂಪ್ಯೂಟರ್ ಇತ್ತು. ನೆಕ್ಸ್ಟ್ ಕಂಪೆನಿಯದು. ಸ್ಟೀವ್ ಜಾಬ್ಸ್ ಆಪಲ್ ಬಿಟ್ಟು ಹೊರಬಂದ ಮೇಲೆ ಕಟ್ಟಿದ್ದರಲ್ಲ, ಅದೇ. ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ತರುಣ ಅದರ ಮೈಮೇಲೆ ಒಂದು ಚೀಟಿ ಅಂಟಿಸಿದ್ದ. ಇದು ಸರ್ವರ್, ಯಾರೂ ಆಫ್ ಮಾಡಬೇಡಿ ಎಂಬ ಅರ್ಥದ ಎಚ್ಚರಿಕೆ, ಕೆಂಪು ಶಾಯಿಯ ಕೈಬರಹ. ತಮಾಷೆಯಲ್ಲ. ಆಗ ಇಡೀ ಪ್ರಪಂಚದ ವೆಬ್ ಅಂದರೆ ಆ ಒಂದೇ ಡಬ್ಬಿ. ರಾತ್ರಿ ಕಸ ಗುಡಿಸಲು ಬಂದವರು ಸ್ವಿಚ್ ಆರಿಸಿದ್ದರೆ ವರ್ಲ್ಡ್ ವೈಡ್ ವೆಬ್ಬೇ ಆರಿಹೋಗುತ್ತಿತ್ತು!

ಈ ಹಳೇ ಕಥೆ ಯಾಕೆ ತೆಗೆದೆ ಅಂದರೆ, ನಮ್ಮ ಸಂಘದ ಸ್ಮರಣಿಕೆಗಳ ವೆಬ್‌ಸೈಟನ್ನು ನಾನೇ ನೋಡಿಕೊಳ್ಳುವುದು ಗೊತ್ತಿರುವ ಗೆಳೆಯರು ಆಗಾಗ ಕೇಳುತ್ತಾರೆ. "ಅಲ್ಲ ಮಾರಾಯ್ರೆ, ಯಾವುದಾದರೂ ಕಂಪೆನಿಗೆ ದುಡ್ಡು ಬಿಸಾಕಿದರೆ ಆಗುತ್ತಿತ್ತಲ್ಲ, ಈ ವಯಸ್ಸಿನಲ್ಲಿ ನಿಮಗೆ ಈ ಸರ್ವರ್ ಉಸಾಬರಿ ಯಾಕೆ?" ಅಂತ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಸ್ವಲ್ಪ ಚರಿತ್ರೆ ಹೇಳಬೇಕಾಗುತ್ತದೆ. ಕೂತುಕೊಳ್ಳಿ.

ಮೊದಲಿಗೆ, ವೆಬ್ ಸರ್ವರ್ ಅಂದರೆ ಏನೋ ದೊಡ್ಡ ಯಂತ್ರ ಎಂದು ಹೆದರಬೇಡಿ. ಅದು ಒಂದು ಪ್ರೋಗ್ರಾಮ್, ಅಷ್ಟೇ. ನಾನು 1974ರಲ್ಲಿ ಊರು ಬಿಟ್ಟು ಬೊಂಬಾಯಿಗೆ ಬಂದಾಗ ಮಾಟುಂಗದ ಹೋಟೆಲೊಂದರಲ್ಲಿ ಮಾಡಿದ ಕೆಲಸವನ್ನೇ ಅದು ಮಾಡುತ್ತದೆ. ಗಿರಾಕಿ ಬಂದು ಕೂತ, ಏನು ಬೇಕು ಕೇಳು, ಒಳಗಿಂದ ತಂದು ಇಡು. ಬರ್ನರ್ಸ್-ಲೀಯ ಮೊದಲ ಒಪ್ಪಂದದಲ್ಲಿ ಇದ್ದದ್ದೂ ಒಂದೇ ಸಾಲು. 'ಗೆಟ್' ಎಂದು ಬರೆದು ಮುಂದೆ ಬೇಕಾದ ಪುಟದ ಹೆಸರು ಕಳಿಸಿದರೆ ಸರ್ವರ್ ಆ ಪುಟ ಕೊಟ್ಟು ಸಂಪರ್ಕ ಮುಚ್ಚಿಬಿಡುತ್ತಿತ್ತು. ಕುಶಲೋಪರಿ ಇಲ್ಲ, ನಮಸ್ಕಾರ ಇಲ್ಲ. 1991ರ ಡಿಸೆಂಬರಿನಲ್ಲಿ ಅಮೆರಿಕದ ಸ್ಲ್ಯಾಕ್ ಪ್ರಯೋಗಶಾಲೆಯಲ್ಲಿ ಯುರೋಪಿನಾಚೆಯ ಮೊದಲ ಸರ್ವರ್ ಶುರುವಾಯಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ, ಈ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು ಎಂದು ಕಾಗದ ಬರೆದುಕೊಟ್ಟಿತು. ಆ ಒಂದು ಕಾಗದ ಇಲ್ಲದಿದ್ದರೆ ನಮ್ಮಂಥವರ ಸಂಘಕ್ಕೆ ವೆಬ್‌ಸೈಟು ಕನಸೇ ಸರಿ.

ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟಿಂಗ್ ಕೇಂದ್ರದಲ್ಲಿ ಎರಡು ಕೆಲಸಗಳಾದವು. ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಮೊಸಾಯಿಕ್ ಬ್ರೌಸರ್ ಮಾಡಿದರು. ಇದು ಎಲ್ಲರಿಗೂ ಗೊತ್ತು. ರಾಬ್ ಮೆಕೂಲ್ ಎಂಬ ವಿದ್ಯಾರ್ಥಿ ಅಲ್ಲೇ ಕೂತು ಒಂದು ಸರ್ವರ್ ಬರೆದ. ಇದು ಯಾರಿಗೂ ಗೊತ್ತಿಲ್ಲ. ಊಟ ಮಾಡಿದವರಿಗೆ ಬಡಿಸಿದವನ ಹೆಸರು ನೆನಪಿರುತ್ತದೆಯೇ? 1994ರ ನಡುವಿಗೆ ಮೆಕೂಲ್ ಆ ಕೇಂದ್ರ ಬಿಟ್ಟು ಹೋದ. ಸರ್ವರ್ ಅನಾಥವಾಯಿತು. ಆದರೆ ಅಷ್ಟರಲ್ಲಿ ಅದನ್ನು ನಡೆಸುತ್ತಿದ್ದವರು ಊರೂರಲ್ಲಿ ಇದ್ದರು. ದೋಷ ಸಿಕ್ಕಾಗ ಅವರೇ ತೇಪೆ ಹಾಕಿಕೊಂಡು, ಆ ತೇಪೆಯನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು.

1995ರ ಫೆಬ್ರವರಿಯಲ್ಲಿ ಇಂಥ ಎಂಟು ಮಂದಿ ಒಂದುಗೂಡಿದರು. ಬ್ರಯಾನ್ ಬೆಲೆಂಡಾರ್ಫ್, ರಾಯ್ ಫೀಲ್ಡಿಂಗ್, ರಾಬರ್ಟ್ ಥಾವ್ ಮುಂತಾದವರು. ಕಚೇರಿ ಇಲ್ಲ, ಸಂಬಳ ಇಲ್ಲ, ಇದ್ದದ್ದು ಇ-ಮೇಲ್ ಒಂದೇ. ಎಲ್ಲ ತೇಪೆಗಳನ್ನು ಸೇರಿಸಿ ಅದೇ ಏಪ್ರಿಲಿನಲ್ಲಿ ಬಿಡುಗಡೆ ಮಾಡಿದ್ದೇ ಅಪಾಚೆ. ತೇಪೆಯನ್ನು ಇಂಗ್ಲಿಷಿನಲ್ಲಿ 'ಪ್ಯಾಚ್' ಅನ್ನುತ್ತಾರಲ್ಲ, ತೇಪೆ ಹಾಕಿದ್ದು 'ಎ ಪ್ಯಾಚಿ'. ಅಮೆರಿಕದ ಮೂಲನಿವಾಸಿ ಅಪಾಚೆ ಜನರ ಮೇಲಿನ ಗೌರವದಿಂದ ಇಟ್ಟ ಹೆಸರು ಎಂದು ಅವರ ವಿವರಣೆ. ಶ್ಲೇಷೆ ಮಾತ್ರ ಎಲ್ಲರ ಬಾಯಲ್ಲೂ ಉಳಿಯಿತು. ಆಮೇಲೆ ರಾಬರ್ಟ್ ಥಾವ್ ಒಳಗಿನ ರಚನೆಯನ್ನೇ ಹೊಸದಾಗಿ ಬರೆದ. ಆ ಹೊಸ ರಚನೆಗೆ ಅವನಿಟ್ಟ ಹೆಸರು 'ಶಂಭಾಲಾ'. ಕಲ್ಕಿ ಹುಟ್ಟುತ್ತಾನೆ ಎಂದು ನಮ್ಮ ಪುರಾಣಗಳು ಹೇಳುವ ಊರು ನೋಡಿ! 1995ರ ಡಿಸೆಂಬರ್ 1ಕ್ಕೆ ಅಪಾಚೆ 1.0 ಬಂತು. 1996ರ ಏಪ್ರಿಲ್ ಹೊತ್ತಿಗೆ ನೆಟ್‌ಕ್ರಾಫ್ಟ್ ಎಣಿಕೆಯಲ್ಲಿ ಅದೇ ಜಗತ್ತಿನ ನಂಬರ್ ಒನ್.

ಅಂದ ಹಾಗೆ ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದೂ ಅದೇ 1995ರಲ್ಲಿ, ಆಗಸ್ಟ್ 15ರಂದು, ಮುಂಬಯಿ, ದಿಲ್ಲಿ, ಕಲ್ಕತ್ತಾ ಮತ್ತು ಮದ್ರಾಸಿನಲ್ಲಿ. ಅಗ್ಗದ 'ಶೆಲ್ ಅಕೌಂಟ್' ತಗೊಂಡವರಿಗೆ ಬರೀ ಅಕ್ಷರ, ಚಿತ್ರ ಇಲ್ಲ. ಅದಕ್ಕೆ ಲಿಂಕ್ಸ್ ಎಂಬ ಬ್ರೌಸರ್ (ಲಿನಕ್ಸ್ ಬೇರೆ, ಗೊಂದಲ ಬೇಡ). ಬ್ಯಾಂಕಿನ ಗುಮಾಸ್ತನಾಗಿದ್ದ ನನ್ನನ್ನು ಅಷ್ಟರಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಹಾಕಿ ಆರು ವರ್ಷ ಆಗಿತ್ತು. ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವನಿಗೆ ಮೋಡೆಮಿನ ಕಿರ್ರ್ ಸದ್ದು ಕೇಳಿದಾಗಲೆಲ್ಲ ಏನೋ ಒಂದು ಹಿಗ್ಗು. ಇರಲಿ.

ಈಗ ಅಪಾಚೆ ಹೇಗೆ ಬಡಿಸುತ್ತಿತ್ತು ನೋಡೋಣ. ಮುಖ್ಯ ವಿಷಯ ಇರುವುದೇ ಇಲ್ಲಿ.

ಅಪಾಚೆಯ ಹಳೇ ಪದ್ಧತಿಯಲ್ಲಿ ಒಬ್ಬ ಗಿರಾಕಿಗೆ ಒಬ್ಬ ಸಪ್ಲೈಯರ್. ಗಿರಾಕಿ ಬಂದು ಕೂತ ಕ್ಷಣದಿಂದ ಕೈತೊಳೆದು ಹೋಗುವ ತನಕ ಆ ಸಪ್ಲೈಯರ್ ಟೇಬಲ್ ಬಿಟ್ಟು ಕದಲುವಂತಿಲ್ಲ. ಕಂಪ್ಯೂಟರ್ ಭಾಷೆಯಲ್ಲಿ ಅವನು ಒಂದು 'ಪ್ರಾಸೆಸ್', ಅವನು ನಿಲ್ಲಲು ಬೇಕಾದ ಜಾಗ 'ಮೆಮೊರಿ'. ಗಿರಾಕಿ ಬೇಗ ತಿಂದು ಎದ್ದರೆ ತೊಂದರೆ ಇಲ್ಲ. ಆದರೆ ಆ ಕಾಲದ ಗಿರಾಕಿಗಳೆಲ್ಲ ಮೋಡೆಮಿನವರು. 28.8 ಕೆಬಿಪಿಎಸ್ ಮೋಡೆಮಿನಲ್ಲಿ 30 ಕಿಲೋಬೈಟಿನ ಪುಟ ಇಳಿಯಲು ಎಂಟು ಸೆಕೆಂಡಿಗಿಂತ ಹೆಚ್ಚು ಬೇಕು. ಸರ್ವರಿನ ನಿಜವಾದ ಕೆಲಸ ಅದರಲ್ಲಿ ಕಣ್ಣು ಮಿಟುಕಿಸುವಷ್ಟು ಮಾತ್ರ. ಉಳಿದ ಹೊತ್ತೆಲ್ಲ ಗಿರಾಕಿ ಕಾಫಿ ಚಪ್ಪರಿಸುತ್ತ ಕೂತಿದ್ದಾನೆ, ಸಪ್ಲೈಯರ್ ಗೋಡೆಗೊರಗಿ ನಿಂತಿದ್ದಾನೆ. ಸಾಲದ್ದಕ್ಕೆ 'ಕೀಪ್-ಅಲೈವ್' ಎಂಬ ಉಪಚಾರ ಬೇರೆ. ಪುಟ ಕೊಟ್ಟ ಮೇಲೂ, ಇನ್ನೇನಾದರೂ ಬೇಕೋ ಏನೋ ಎಂದು ಹಳೇ ಅಪಾಚೆ ಹದಿನೈದು ಸೆಕೆಂಡು ಅಲ್ಲೇ ಕಾಯುತ್ತಿತ್ತು. ಹೀಗೆ ಕಾಯುವ ಸಪ್ಲೈಯರುಗಳೇ ಹೋಟೆಲು ತುಂಬಿದರೆ ಹೊಸ ಗಿರಾಕಿಗೆ ಒಳಗೆ ಕಾಲಿಡಲು ಜಾಗವಿಲ್ಲ.

ಮಾಟುಂಗದಲ್ಲಿ ಯಾವ ಧಣಿಯಾದರೂ ಹೀಗೆ ಹೋಟೆಲು ನಡೆಸಿದ್ದರೆ ಮೂರೇ ತಿಂಗಳಲ್ಲಿ ಬಾಗಿಲು ಹಾಕಿ ಊರಿನ ಬಸ್ಸು ಹತ್ತುತ್ತಿದ್ದರು. ನಾವು ನಾಲ್ಕು ಜನ ಸಪ್ಲೈಯರುಗಳು ಅಷ್ಟೂ ಟೇಬಲ್ ನೋಡುತ್ತಿದ್ದೆವು. ಒಂದು ಕಡೆ ಆರ್ಡರ್ ತಗೊಂಡು ಭಟ್ಟರಿಗೆ ಕೂಗಿ ಹೇಳಿ, ದೋಸೆ ಬೇಯುವಷ್ಟರಲ್ಲಿ ಇನ್ನೊಂದು ಕಡೆ ಬಿಲ್ಲು ಇಟ್ಟು, ಮತ್ತೊಂದು ಕಡೆ ಚಟ್ನಿ ಬಡಿಸಿ... ಕಾಯುವ ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಕಾಯುತ್ತ ನಿಂತದ್ದು ಕಂಡರೆ ಗಲ್ಲೆಯಲ್ಲಿ ಕೂತ ಧಣಿಗಳ ಹುಬ್ಬು ಮೇಲೇರುತ್ತಿತ್ತು!

ಇದೇ ಮಾತನ್ನು 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಅಮೆರಿಕದ ಎಂಜಿನಿಯರ್ ಲೆಕ್ಕ ಹಾಕಿ ಬರೆದ. ಯಂತ್ರಗಳು ಈಗ ಸಾಕಷ್ಟು ದೊಡ್ಡವಾಗಿವೆ, ಒಂದೇ ಸರ್ವರ್ ಏಕಕಾಲಕ್ಕೆ ಹತ್ತು ಸಾವಿರ ಗಿರಾಕಿಗಳನ್ನು ಸುಧಾರಿಸಬೇಕು, ಆಗದಿದ್ದರೆ ತಪ್ಪು ಯಂತ್ರದ್ದಲ್ಲ, ನಾವು ಪ್ರೋಗ್ರಾಮ್ ಬರೆಯುವ ರೀತಿಯದ್ದು ಎಂಬುದು ಅವನ ವಾದ. ಅದಕ್ಕೆ 'ಸಿ-ಟೆನ್-ಕೆ' ಸಮಸ್ಯೆ ಎಂದು ಹೆಸರಿಟ್ಟ. ಹತ್ತು ಸಾವಿರ ಕನೆಕ್ಷನ್ ಎಂಬುದರ ಮೊಟಕು ರೂಪ.

ಒಬ್ಬನೇ ಸಪ್ಲೈಯರ್ ಎಲ್ಲ ಟೇಬಲ್ ನೋಡಬೇಕು, ಸರಿ. ಆದರೆ ಯಾವ ಟೇಬಲಿಗೆ ಈಗ ಏನಾದರೂ ಬೇಕು ಎಂದು ಅವನಿಗೆ ಗೊತ್ತಾಗುವುದು ಹೇಗೆ? ಯುನಿಕ್ಸಿನಲ್ಲಿ 'ಸೆಲೆಕ್ಟ್', 'ಪೋಲ್' ಎಂಬ ಹಳೇ ಉಪಾಯಗಳಿದ್ದವು. ಅಂದರೆ ಪ್ರತಿ ಸುತ್ತಿಗೂ ಎಲ್ಲ ಟೇಬಲುಗಳ ಹತ್ತಿರ ಹೋಗಿ 'ಏನಾದರೂ ಬೇಕಾ, ಏನಾದರೂ ಬೇಕಾ' ಎಂದು ಕೇಳುತ್ತ ಬರುವುದು. ಹತ್ತು ಟೇಬಲಿಗೆ ಪರವಾಗಿಲ್ಲ. ಹತ್ತು ಸಾವಿರಕ್ಕೆ ಹೀಗೆ ಸುತ್ತಿದರೆ ಸುತ್ತುವುದೇ ಕೆಲಸವಾಗುತ್ತದೆ. 2000ದಲ್ಲಿ ಫ್ರೀಬಿಎಸ್‌ಡಿಗೆ 'ಕೆ-ಕ್ಯೂ', 2002ರಲ್ಲಿ ಬೆಳವಣಿಗೆಯ ಹಂತದ ಲಿನಕ್ಸಿಗೆ 'ಈ-ಪೋಲ್' ಬಂದು, 2003ರ ಡಿಸೆಂಬರಿನ 2.6 ಕರ್ನಲಿನೊಂದಿಗೆ ಅದು ಎಲ್ಲರ ಕೈಗೂ ಸಿಕ್ಕಿತು. ಇದು ಟೇಬಲಿಗೊಂದು ಗಂಟೆ ಕಟ್ಟಿದ ಹಾಗೆ. ಬೇಕಾದವರು ಬಾರಿಸುತ್ತಾರೆ, ಸಪ್ಲೈಯರ್ ಬಾರಿಸಿದ ಟೇಬಲಿಗೆ ಮಾತ್ರ ಹೋಗುತ್ತಾನೆ. ಕೇಳಲು ಇಷ್ಟೇ. ಆದರೆ ಹಗುರ ಸರ್ವರುಗಳ ಭಾಗ್ಯ ತೆರೆದದ್ದು ಈ ಗಂಟೆಯಿಂದ.

ಅದಕ್ಕೆ ಮೊದಲೂ ಹಗುರ ಸರ್ವರುಗಳು ಇರಲಿಲ್ಲವೆಂದಲ್ಲ. ಜೆಫ್ ಪೊಸ್ಕಾಂಜರ್ ಬರೆದ 'ಟಿ-ಎಚ್‌ಟಿಟಿಪಿಡಿ' ಇತ್ತು, 'ಬೋವಾ' ಇತ್ತು. ಅಪಾಚೆ ತಂಡವೂ ಸುಮ್ಮನೆ ಕೂರಲಿಲ್ಲ. 2002ರ ಎರಡನೇ ಆವೃತ್ತಿಯಲ್ಲಿ ಒಂದೇ ಪ್ರಾಸೆಸ್ಸಿನಲ್ಲಿ ಹಲವು ಎಳೆಗಳನ್ನು ನಡೆಸುವ ವ್ಯವಸ್ಥೆ ತಂದರು. ಆದರೆ ಪಿಎಚ್‌ಪಿಯನ್ನು ಅಪಾಚೆಯ ಹೊಟ್ಟೆಯೊಳಗೇ ಓಡಿಸುತ್ತಿದ್ದವರು, ಅಂದರೆ ಹೆಚ್ಚುಕಮ್ಮಿ ಎಲ್ಲರೂ, ಎಳೆಗಳಿಗೆ ಹೆದರಿ ಹಳೇ ಪದ್ಧತಿಯಲ್ಲೇ ಉಳಿದರು.

ಈಗ ನಮ್ಮ ಕಥೆಗೆ ಬರುತ್ತೇನೆ.

2005ರ ಜುಲೈ 26 ಮುಂಬಯಿಯವರಿಗೆ ಹೇಳಿಕೊಡಬೇಕಾದ ದಿನವಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಮ್ಮ ಸಂಘದ ಕೋಣೆ ಕುರ್ಲಾದಲ್ಲಿ, ನೆಲಮಹಡಿ. ಸ್ಟೀಲ್ ಕಪಾಟಿನ ಕೆಳಗಿನ ಮೂರು ಖಾನೆ ಎರಡು ದಿನ ನೀರಿನೊಳಗೆ. ಅದರಲ್ಲಿದ್ದದ್ದು 1961ರಿಂದ ಪ್ರತಿ ರಾಜ್ಯೋತ್ಸವಕ್ಕೆ ತಂದ ಸ್ಮರಣಿಕೆಗಳು. ಹೊರಗಿನವರ ಕಣ್ಣಿಗೆ ಅವೇನು, ಅರ್ಧ ಜಾಹೀರಾತು, ಅರ್ಧ ಅಧ್ಯಕ್ಷರ ಸಂದೇಶ. ಆದರೆ ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಹೆಸರು, ವರ್ಷ, ಯಾವ ಊರಿನವರು, ಮುಂದೆ ಏನಾದರು ಎಂಬ ಪಟ್ಟಿ ಬೇರೆ ಎಲ್ಲೂ ಇಲ್ಲ. ಅವರು ಬರೆದ ಮೊದಲ ಕವನ, ಮೊದಲ ನಾಟಕದ ಫೋಟೋ ಕೂಡ. ಮೇಲಿನ ಎರಡು ಖಾನೆಯ ಹತ್ತೊಂಬತ್ತು ಸಂಚಿಕೆಗಳು ಉಳಿದವು. ಉಳಿದದ್ದೆಲ್ಲ ಮುದ್ದೆ. ಬಿಸಿಲಿಗೆ ಹರವಿದರೂ ಪುಟ ಬಿಡಿಸಲಾಗಲಿಲ್ಲ.

ಮರುವರ್ಷ ಆ ಹತ್ತೊಂಬತ್ತನ್ನು ಸ್ಕ್ಯಾನ್ ಮಾಡಿದೆವು. ಒಂದೊಂದು ಸಂಚಿಕೆ ಸುಮಾರು 20 ಮೆಗಾಬೈಟ್. ಒಂದು ಹೋಸ್ಟಿಂಗ್ ಕಂಪೆನಿಯಲ್ಲಿ ವರ್ಷಕ್ಕಿಷ್ಟು ಅಂತ ಜಾಗ ತಗೊಂಡು ಏರಿಸಿ, 2006ರ ನವೆಂಬರ್ 1ರಂದು ಬಳಗದವರಿಗೆಲ್ಲ ಇ-ಮೇಲ್ ಮಾಡಿದೆವು. ಮಧ್ಯಾಹ್ನದೊಳಗೆ ಸೈಟು ಬಂದ್! ಸರ್ವರಿಗೆ ಅತಿ ಭಾರ ಹಾಕಿದ್ದಕ್ಕೆ ಖಾತೆ ತಡೆಹಿಡಿಯಲಾಗಿದೆ ಎಂದು ಕಂಪೆನಿಯಿಂದ ನಾಲ್ಕು ಸಾಲು. ದುಬೈಯಿಂದ ಒಬ್ಬರು ಹಿರಿಯರು ಫೋನ್ ಮಾಡಿ, 1968ರ ಸಂಚಿಕೆಯಲ್ಲಿ ತೀರಿಕೊಂಡ ಅಣ್ಣನ ಫೋಟೋ ಇದೆಯಂತೆ, ಅರ್ಧ ಇಳಿಯಿತು, ಆಮೇಲೆ ನಿಂತಿತು, ಏನು ಮಾಡಲಿ ಅಂದರು. ಏನು ಹೇಳುವುದು?

ಲೆಕ್ಕ ನೋಡಿ. ನಮ್ಮಲ್ಲಿ ಆಗ ಬ್ರಾಡ್‌ಬ್ಯಾಂಡ್ ಅಂದರೆ 256 ಕೆಬಿಪಿಎಸ್. ಆ ವೇಗದಲ್ಲಿ 20 ಮೆಗಾಬೈಟ್ ಇಳಿಯಲು ಹತ್ತು ನಿಮಿಷದ ಮೇಲೆ ಬೇಕು. ಒಟ್ಟಿಗೆ ನಲವತ್ತು ಜನ ಇಳಿಸಲು ಕೂತರೆ ನಲವತ್ತು ಸಪ್ಲೈಯರುಗಳು ಹತ್ತು ಹತ್ತು ನಿಮಿಷ ಗೋಡೆಗೊರಗಿ ನಿಂತ ಹಾಗೆ. ಪಿಎಚ್‌ಪಿ ಹೊತ್ತ ಅಪಾಚೆ ಪ್ರಾಸೆಸ್ ಒಂದಕ್ಕೆ, ಹಂಚಿಕೊಂಡ ಭಾಗ ಬಿಟ್ಟು ಹತ್ತು ಮೆಗಾಬೈಟ್ ಮೆಮೊರಿ ಎಂದುಕೊಂಡರೂ ನಾನೂರು ಮೆಗಾಬೈಟ್. ಅದೇ ಯಂತ್ರದಲ್ಲಿ ಇನ್ನೂ ನೂರಾರು ಜನರ ಸೈಟುಗಳಿರುತ್ತವೆ. ಕಂಪೆನಿಯವರನ್ನು ಪೂರ್ತಿ ದೂರುವಂತಿಲ್ಲ. ಹತ್ತು ಸಾವಿರದ ಸಮಸ್ಯೆಗೆ ಹತ್ತು ಸಾವಿರ ಜನ ಬೇಕಿಲ್ಲ, ನಲವತ್ತು ಕನ್ನಡಿಗರು ಸಾಕು :)

ಹಾಗೆ ಹುಡುಕುತ್ತ ಹೋದಾಗ ಸಿಕ್ಕಿದ್ದು ಲೈಟಿ. ಬರೆಯುವುದು ಉದ್ದಕ್ಕೆ 'ಲೈಟ್-ಟಿಪಿಡಿ' ಎನ್ನುವ ಹಾಗೆ, ಕರೆಯುವುದು ಲೈಟಿ. ಯಾನ್ ಕ್ನೆಶ್ಕೆ ಎಂಬ ಜರ್ಮನ್ 2003ರಲ್ಲಿ, ಕೆಗೆಲ್ ಹೇಳಿದ ಹತ್ತು ಸಾವಿರ ಸಾಧ್ಯವೇ ನೋಡೋಣ ಎಂದು ಶುರು ಮಾಡಿದ ಪ್ರಯೋಗ. ಒಂದೇ ಪ್ರಾಸೆಸ್, ಕೆಲವೇ ಮೆಗಾಬೈಟ್ ಮೆಮೊರಿ, ಲಿನಕ್ಸಿನಲ್ಲಿ ಈ-ಪೋಲ್ ಗಂಟೆ. ದೊಡ್ಡ ಕಡತವನ್ನು ತಾನು ಕೈಯಲ್ಲಿ ಹಿಡಿದು ಎಣಿಸುವುದಿಲ್ಲ. 'ಸೆಂಡ್‌ಫೈಲ್' ಮೂಲಕ ಡಿಸ್ಕಿನಿಂದ ನೇರ ನೆಟ್‌ವರ್ಕಿಗೆ ದಾಟಿಸು ಎಂದು ಕರ್ನಲಿಗೆ ಹೇಳಿ ಮುಂದಿನ ಟೇಬಲಿಗೆ ಹೋಗುತ್ತದೆ. ಪಿಎಚ್‌ಪಿ ಬೇಕಾದರೆ 'ಫಾಸ್ಟ್-ಸಿಜಿಐ' ಮೂಲಕ ಪಕ್ಕದ ಕೋಣೆಯಲ್ಲಿ. ಅಡುಗೆಯವನು ಬೇರೆ, ಬಡಿಸುವವನು ಬೇರೆ. ಯೂಟ್ಯೂಬ್ ಕೂಡ ತನ್ನ ಶುರುವಿನ ವರ್ಷಗಳಲ್ಲಿ ವಿಡಿಯೋ ಬಡಿಸಲು ಇದನ್ನೇ ಬಳಸುತ್ತಿತ್ತು. ನಮಗೇನು ಕಮ್ಮಿ?

2007ರಲ್ಲಿ 128 ಮೆಗಾಬೈಟ್ ಮೆಮೊರಿಯ ಬಾಡಿಗೆ ವರ್ಚುವಲ್ ಸರ್ವರ್ ತಗೊಂಡು, ಡೆಬಿಯನ್ ಹಾಕಿ ಲೈಟಿ ನಿಲ್ಲಿಸಿದೆ. ಕಲಿತದ್ದು ರಾತ್ರಿ ಊಟವಾದ ಮೇಲೆ, ಸುಮಾರು ಎರಡು ತಿಂಗಳು. ಕಾನ್ಫಿಗರೇಷನ್ ಫೈಲ್ ಒಂದು ಪುಟವೂ ಇಲ್ಲ. ಪುಟಗಳು ಇರುವ ಕೋಶ ಯಾವುದು, ಯಾವ ಪೋರ್ಟಿನಲ್ಲಿ ಕೇಳಬೇಕು (ಆಗ 80), ಹೆಸರು ಹೇಳದೆ ಬಂದವರಿಗೆ ಯಾವ ಪುಟ ಕೊಡಬೇಕು, ಯಾವ ಬಳಕೆದಾರನ ಹೆಸರಿನಲ್ಲಿ ಓಡಬೇಕು. ಕೊನೆಯದು ಬಹಳ ಮುಖ್ಯ. 80ನೇ ಪೋರ್ಟ್ ತೆರೆಯಲು ಯಜಮಾನನ ಅಧಿಕಾರ ಬೇಕು, ಆದರೆ ತೆರೆದ ಮರುಕ್ಷಣ ಆ ಅಧಿಕಾರ ಬಿಟ್ಟುಕೊಟ್ಟು ಬಡ ಬಳಕೆದಾರನಾಗಿ ಓಡಬೇಕು. ಗಲ್ಲೆಯ ಬೀಗದ ಕೈ ಸಪ್ಲೈಯರಿನ ಜೇಬಿನಲ್ಲಿ ಇರಬಾರದು, ಅಷ್ಟೇ.

ಆಮೇಲೆ ಕಡತದ ಜಾತಿ. ಅಪಾಚೆ ಉದ್ದದ ಪಟ್ಟಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಲೈಟಿಗೆ ನಾವು ಹೇಳಬೇಕು. ಯಾವ ಬಾಲದ ಕಡತ ಎಚ್‌ಟಿಎಂಎಲ್, ಯಾವುದು ಚಿತ್ರ, ಯಾವುದು ಪಿಡಿಎಫ್ ಅಂತ. ಹೇಳದಿದ್ದರೆ ಬ್ರೌಸರ್ ಪುಟ ತೋರಿಸುವ ಬದಲು 'ಉಳಿಸಿಕೊಳ್ಳಲಾ' ಎಂದು ಕೇಳುತ್ತದೆ. ಕನ್ನಡದವರಿಗೆ ಇಲ್ಲಿ ಇನ್ನೊಂದು ಮಾತಿದೆ, ಸ್ವಲ್ಪ ನಿಧಾನವಾಗಿ ಓದಿ.

2000ದ ದಶಕದ ಮೊದಲರ್ಧದಲ್ಲಿ ಯೂನಿಕೋಡಿನಲ್ಲಿ ಕನ್ನಡ ಪುಟ ಮಾಡಿದ ಹಲವರಿಗೆ ಒಂದು ವಿಚಿತ್ರ ಅನುಭವವಾಗಿರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಪುಟ ಸರ್ವರಿಗೆ ಏರಿಸಿದ ಕೂಡಲೇ ಬರೀ ಕಸ. ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ 'ಎ', ಪಕ್ಕದಲ್ಲಿ ಪುಟಾಣಿ 2 ಅಥವಾ 3, ಮತ್ತೆ ಅದೇ 'ಎ', ಮತ್ತೆ ಅದೇ 2. ಎಲ್ಲರೂ ಫಾಂಟನ್ನು ಬೈಯುತ್ತಿದ್ದೆವು. ಪಾಪ, ಫಾಂಟಿನದೇನೂ ತಪ್ಪಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅವನ್ನು ಪಶ್ಚಿಮ ಯುರೋಪಿನ ಲಿಪಿಯೆಂದು ಓದಿದರೆ ಮೊದಲ ಬೈಟು ಆ ಗೆರೆಯ 'ಎ', ಎರಡನೆಯದು ಆ ಪುಟಾಣಿ 2 ಅಥವಾ 3. ಹಾಗೆ ಓದು ಎಂದು ಬ್ರೌಸರಿಗೆ ಹೇಳುತ್ತಿದ್ದವರು ಯಾರು? ಸರ್ವರ್! ಅಪಾಚೆಯ ಜೊತೆ ಬರುತ್ತಿದ್ದ ಮಾದರಿ ಕಾನ್ಫಿಗರೇಷನ್ನಿನಲ್ಲಿ, ಬೇರೆ ಹೇಳದಿದ್ದರೆ ಎಲ್ಲ ಪುಟವೂ ಪಶ್ಚಿಮ ಯುರೋಪಿನ ಲಿಪಿ ಎಂಬ ಸಾಲು ಕೆಲಕಾಲ ಇತ್ತು. ಪುಟದೊಳಗೆ ನೀವು ಯುಟಿಎಫ್-8 ಎಂದು ಬರೆದಿದ್ದರೂ ಸರ್ವರ್ ಕಳಿಸುವ ತಲೆಬರಹದ ಮಾತೇ ಮೇಲು. ಮುಂದೆ ಆ ಸಾಲನ್ನು ತೆಗೆದರು. ಎಷ್ಟು ಜನ ಕನ್ನಡಿಗರು ಅಷ್ಟರೊಳಗೆ ಬೇಸತ್ತು ತಮ್ಮ ಪುಟಗಳನ್ನು ಚಿತ್ರ ಮಾಡಿ ಹಾಕಿದರೋ! ಲೈಟಿಯಲ್ಲಿ ಪಟ್ಟಿ ನಾವೇ ಬರೆಯುವುದರಿಂದ ಎಚ್‌ಟಿಎಂಎಲ್ ಎಂಬುದರ ಪಕ್ಕದಲ್ಲೇ ಯುಟಿಎಫ್-8 ಎಂದು ಸೇರಿಸಿದರೆ ಮುಗಿಯಿತು.

ಇನ್ನು 'ಸ್ತ್ರೀ' ಎಂಬ ಒಂದಕ್ಷರದ ಮಾತಿಗೆ ಹದಿನೆಂಟು ಬೈಟ್ ಬೇಕು. ಕನ್ನಡ ಪುಟ ದಪ್ಪ ಎಂಬ ದೂರು ಅದಕ್ಕೇ. ಆದರೆ ಒಂದೇ ಬೈಟು ಮತ್ತೆ ಮತ್ತೆ ಬರುವುದರಿಂದ ಜಿಜಿಪ್ ಮಾಡಿ ಕಳಿಸಿದರೆ ಚೆನ್ನಾಗಿ ಕುಗ್ಗುತ್ತದೆ. ಲೈಟಿಯಲ್ಲಿ ಅದಕ್ಕೂ ಒಂದೆರಡು ಸಾಲು.

ನಿಲ್ಲಿಸುವುದು ಸುಲಭ, ನಡೆಸುವುದೇ ಸಂಸಾರ. ಬದಲಾವಣೆ ಮಾಡಿದಾಗ ಮೊದಲು ಪರೀಕ್ಷೆ, ಆಮೇಲೆ ರೀಸ್ಟಾರ್ಟ್. ಲಾಗ್ ಫೈಲ್ ವಾರಕ್ಕೊಮ್ಮೆ ತಿರುಗಿಸಿ ಹಳೆಯದನ್ನು ಅಳಿಸದಿದ್ದರೆ ಒಂದು ದಿನ ಡಿಸ್ಕ್ ತುಂಬಿ ಸರ್ವರ್ ನಿಲ್ಲುತ್ತದೆ. ಒಂದೇ ವಿಳಾಸದಿಂದ ಹತ್ತಾರು ಕನೆಕ್ಷನ್ ತೆರೆಯುವವರಿಗೆ ಮಿತಿ. ಆದರೆ ಲಾಗ್ ಓದುವುದು ನನಗೆ ಯಾವತ್ತೂ ಬೇಸರ ತಂದಿಲ್ಲ. ಯಾವ ಹೊತ್ತಿಗೆ ಯಾವ ವರ್ಷದ ಸಂಚಿಕೆ ಇಳಿಯುತ್ತಿದೆ ಎಂದು ನೋಡುತ್ತ ಕೂತರೆ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಇಳಿಯುವುದು 1968ರದ್ದು, ಯಾಕೆಂದು ಇವತ್ತಿಗೂ ನನಗೆ ಬಗೆಹರಿದಿಲ್ಲ. 2007ರ ರಾಜ್ಯೋತ್ಸವದ ದಿನ ಅದೇ ಇ-ಮೇಲ್ ಮತ್ತೆ ಕಳಿಸಿದೆವು. ದಿನವಿಡೀ ಲೈಟಿ ತನ್ನ ಕೆಲವೇ ಮೆಗಾಬೈಟ್ ಬಿಟ್ಟು ಮೇಲೇರಲಿಲ್ಲ. ದುಬೈಯ ಹಿರಿಯರಿಗೆ ಫೋಟೋ ಸಿಕ್ಕಿತು.

ಅಷ್ಟರಲ್ಲಿ ರಷ್ಯಾದಲ್ಲಿ ಇನ್ನೊಂದು ಕಥೆ ಬೆಳೆಯುತ್ತಿತ್ತು. ಇಗೋರ್ ಸಿಸೊಯೆವ್ ಮಾಸ್ಕೋದ ರಾಂಬ್ಲರ್ ಎಂಬ ದೊಡ್ಡ ಜಾಲತಾಣದಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್. 2002ರಲ್ಲಿ ಬರೆಯಲು ತೊಡಗಿ 2004ರ ಅಕ್ಟೋಬರ್ 4ರಂದು ಹೊರಬಿಟ್ಟದ್ದು 'ಎಂಜಿನ್-ಎಕ್ಸ್'. 1957ರಲ್ಲಿ ಸ್ಪುಟ್ನಿಕ್ ಹಾರಿದ್ದೂ ಅಕ್ಟೋಬರ್ 4ರಂದೇ. ನನಗೆ ಇದರಲ್ಲಿ ಬಹಳ ಹಿಡಿಸಿದ ಸಂಗತಿ ಬೇರೆ. ಮೊದಲ ಒಂದೆರಡು ವರ್ಷ ಅದರ ಕೈಪಿಡಿ ಇದ್ದದ್ದು ರಷ್ಯನ್ ಭಾಷೆಯಲ್ಲಿ ಮಾತ್ರ. ಬೇಕಾದವರು ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಕೊಂಡು ಓದಿದರು. ತನ್ನ ಭಾಷೆಯಲ್ಲಿ ಬರೆದರೆ ಯಾರು ಓದುತ್ತಾರೆ ಎಂದು ಆ ಮನುಷ್ಯ ಕೊರಗುತ್ತ ಕೂತ ಹಾಗೆ ಕಾಣುವುದಿಲ್ಲ. ನಮ್ಮ ಬೆಂಗಳೂರಿನ ಎಂಜಿನಿಯರುಗಳಿಗೆ ಇದನ್ನು ಹೇಳಿದರೆ ನಕ್ಕುಬಿಡುತ್ತಾರೆ. ನಗಲಿ.

ಮುಂದಿನದು ಬೇಗ ಹೇಳುತ್ತೇನೆ. 2005ರ ಸುಮಾರಿಗೆ ನೂರಕ್ಕೆ ಎಪ್ಪತ್ತರಷ್ಟು ಸೈಟುಗಳಲ್ಲಿದ್ದ ಅಪಾಚೆಯನ್ನು ಎಂಜಿನ್-ಎಕ್ಸ್ 2019ರಲ್ಲಿ ನೆಟ್‌ಕ್ರಾಫ್ಟ್ ಎಣಿಕೆಯಲ್ಲಿ ಹಿಂದೆ ಹಾಕಿತು. 2011ರಲ್ಲಿ ಕಂಪೆನಿಯಾಗಿದ್ದ ಅದನ್ನು 2019ರಲ್ಲಿ ಅಮೆರಿಕದ ಎಫ್-5 ಕಂಪೆನಿ 67 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ, ಈ ತಂತ್ರಾಂಶ ತಮ್ಮ ಕೆಲಸದ ಅವಧಿಯಲ್ಲಿ ಬರೆದದ್ದು, ಹಕ್ಕು ತಮ್ಮದು ಎಂಬ ರಾಂಬ್ಲರ್ ಕಡೆಯ ದೂರಿನ ಮೇಲೆ ಮಾಸ್ಕೋ ಕಚೇರಿಗೆ ಪೊಲೀಸರು ನುಗ್ಗಿದರು. ಹದಿನೈದು ವರ್ಷ ಲೋಕವೆಲ್ಲ ಪುಕ್ಕಟೆ ಬಳಸಿದ ಮೇಲೆ! 2022ರ ಜನವರಿಯಲ್ಲಿ ಸಿಸೊಯೆವ್ ಕಂಪೆನಿ ಬಿಟ್ಟ. 2024ರಲ್ಲಿ ಹಳೇ ಸಂಗಾತಿ ಮ್ಯಾಕ್ಸಿಮ್ ದೌನಿನ್, ಕಂಪೆನಿಯವರು ತಂಡದ ಮಾತು ಕೇಳುವುದಿಲ್ಲ ಎಂದು ಹೊರಬಂದು 'ಫ್ರೀ-ಎಂಜಿನ್-ಎಕ್ಸ್' ಎಂಬ ಬೇರೆ ಕವಲು ಶುರು ಮಾಡಿದ. ಮೆಕೂಲ್ ಬಿಟ್ಟುಹೋದ ಸರ್ವರನ್ನು ಎಂಟು ಜನ ಎತ್ತಿಕೊಂಡ ಹಾಗೆಯೇ, ಅಲ್ಲವೇ?

ಲೈಟಿ ಇಷ್ಟು ದೊಡ್ಡದಾಗಲಿಲ್ಲ. 1.5 ಬರುತ್ತದೆ ಎಂದು ವರ್ಷಗಟ್ಟಲೆ ಹೇಳಿದರು, ಬರಲಿಲ್ಲ. ಆದರೆ 1.4 ಸಾಲಿನ ಬಿಡುಗಡೆಗಳು ಇಂದಿಗೂ ಬರುತ್ತಿವೆ, ನಾನು ಅದರಲ್ಲೇ ಇದ್ದೇನೆ. ಯಾರೂ ಕೊಳ್ಳದ್ದು, ಯಾರೂ ಮಾರದ್ದು ನಮ್ಮಂಥ ಸಂಘಕ್ಕೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಹುಡುಗರು ಬಹಳ ಮಂದಿ ಇದ್ದಾರೆ.

ನಡೆಸುವ ಕೆಲಸದಲ್ಲಿ ನಿಜವಾಗಿ ಬದಲಾದದ್ದು ಎರಡು. ಒಂದು, ಬೀಗ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿಗೆ ಮೊದಲೆಲ್ಲ ವರ್ಷ ವರ್ಷ ದುಡ್ಡು ಕೊಡಬೇಕಿತ್ತು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆಯಾಗಿ ಎಲ್ಲರಿಗೂ ಕೊಡತೊಡಗಿತು. ತೊಂಬತ್ತು ದಿನದ ಆಯುಷ್ಯ, ತೀರುವ ಮೊದಲು ಯಂತ್ರವೇ ನವೀಕರಿಸಿಕೊಳ್ಳಬೇಕು. ಎರಡು, ಗಿರಾಕಿಗಳು. ಈಚಿನ ಎರಡು ಮೂರು ವರ್ಷಗಳಿಂದ ಲಾಗ್ ತೆರೆದರೆ ಮನುಷ್ಯರಿಗಿಂತ ಹೆಚ್ಚು ಯಂತ್ರಗಳು. ಕೃತಕ ಬುದ್ಧಿಮತ್ತೆಯ ಕಂಪೆನಿಗಳ ಜೇಡಗಳು ಹತ್ತೊಂಬತ್ತು ಸಂಚಿಕೆಗಳನ್ನೂ ರಾತ್ರಿಯಿಡೀ ಮತ್ತೆ ಮತ್ತೆ ಇಳಿಸುತ್ತವೆ. ಪೂರ್ತಿ ತಡೆಯೋಣ ಎಂದು ಸಂಘದ ಸಭೆಯಲ್ಲಿ ಒಂದು ಪಕ್ಷ, ಕನ್ನಡ ಆ ಯಂತ್ರಗಳಿಗೂ ಗೊತ್ತಾಗಲಿ ಬಿಡಿ ಎಂದು ಇನ್ನೊಂದು ಪಕ್ಷ. ಸದ್ಯಕ್ಕೆ ತಡೆದಿಲ್ಲ, ವೇಗಕ್ಕೆ ಮಿತಿ ಹಾಕಿದ್ದೇವೆ.

ಸಂಘದ ಕಾರ್ಯದರ್ಶಿಯವರ ಮಗಳು, ಇಲ್ಲೇ ಚೆಂಬೂರಿನಲ್ಲಿ ಹುಟ್ಟಿ ಬೆಳೆದವಳು, ಈಗ ನನ್ನ ಜೊತೆ ಇದನ್ನು ನೋಡಿಕೊಳ್ಳುತ್ತಾಳೆ. ಕನ್ನಡ ಓದುವುದು ನಿಧಾನ, ಕಾನ್ಫಿಗರೇಷನ್ ಓದುವುದು ನನಗಿಂತ ಚುರುಕು. 2007ರಿಂದ ನಾನು ಮಾಡಿದ ಪ್ರತಿ ಬದಲಾವಣೆಯನ್ನು ದಿನಾಂಕ ಹಾಕಿ ಕನ್ನಡದಲ್ಲೇ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೊನ್ನೆ ಅದನ್ನು ಅವಳ ಕೈಗೆ ಕೊಟ್ಟೆ. "ಅಂಕಲ್, ಈ 'ತಲೆಬರಹ' ಅಂದ್ರೆ ಹೆಡರ್ ತಾನೆ?" ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜು ಬಂತು. ಹೌದು ಎಂದು ಬರೆದೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: ಲಾಗ್ ತಿರುಗಿಸುವ ದಿನ ಭಾನುವಾರದಿಂದ ಸೋಮವಾರಕ್ಕೆ ಬದಲಾಯಿಸಿದ್ದೇನೆ, ನೋಟ್‌ಬುಕ್ಕಿನಲ್ಲೂ ಬರೆದಿದ್ದೇನೆ, ಅಕ್ಷರ ತಪ್ಪಿದ್ದರೆ ಹೇಳಿ ಅಂತ.